ಮೂಡಪ್ಪ ಕಂಡವರು

ಕಾಸರಗೋಡಿನ ಹತ್ತಿರದ ಮಧೂರು ಗಣಪತಿ ಗುಡಿಗೆ ಹೋದವರು ಮನೆಗೆ ಅಪ್ಪ ತರದೆ ಬರುವುದಿಲ್ಲ. ಅಕ್ಕಿ, ಬೆಲ್ಲ, ತೆಂಗಿನಕಾಯಿ ಸೇರಿಸಿ ಗುಳಿಯಲ್ಲಿ ಬೇಯಿಸಿದ ಪುಟ್ಟ ಅಪ್ಪ, ಗಣಪತಿಗೆ ಬಲು ಇಷ್ಟದ್ದು. ಆದರೆ ಮೂಡಪ್ಪ ಸೇವೆಯ ಮಾತೇ ಬೇರೆ. ಅಷ್ಟು ದೊಡ್ಡ ಮೂರ್ತಿಯನ್ನು ಅಪ್ಪದಿಂದಲೇ ಮುಚ್ಚುತ್ತಾರೆ. ಎಷ್ಟು ಅಕ್ಕಿ ಬೇಕು, ಎಷ್ಟು ಬೆಲ್ಲ ಬೇಕು, ಎಷ್ಟು ಜನ ದುಡಿಯಬೇಕು, ನೀವೇ ಲೆಕ್ಕ ಹಾಕಿ. ಹಾಗಾಗಿ ಅದು ವರ್ಷ ವರ್ಷ ನಡೆಯುವ ಸೇವೆಯಲ್ಲ. 1992ರಲ್ಲಿ ಆಗಿತ್ತು. ಮತ್ತೆ ಆದದ್ದು 2025ರ ಏಪ್ರಿಲ್‌ನಲ್ಲಿ, ಗುಡಿಯ ಕಲಶಾಭಿಷೇಕದ ದೊಡ್ಡ ಉತ್ಸವವಾದ ಬ್ರಹ್ಮಕಲಶೋತ್ಸವದ ಜೊತೆಗೆ. ನಡುವೆ 33 ವರ್ಷ.

ಚೌತಿ, ದೀಪಾವಳಿ ಪ್ರತಿ ವರ್ಷ ಬರುತ್ತವೆ. ಈ ವರ್ಷ ಆಗದಿದ್ದರೆ ಮುಂದಿನ ವರ್ಷ ನೋಡೋಣ ಅಂತೇವೆ. ಮೂಡಪ್ಪಕ್ಕೆ ಆ ಮಾತು ನಡೆಯುವುದಿಲ್ಲ. 1992ರಲ್ಲಿ ನಮ್ಮ ಕಡೆಯ ಎಡನೀರು ಮಠದ ಪೀಠದಲ್ಲಿ ಕೇಶವಾನಂದ ಭಾರತೀ ಸ್ವಾಮಿಗಳಿದ್ದರು. ಬದಿಯಡ್ಕದ ಕಡೆ ಕವಿ ಕಯ್ಯಾರ ಕಿಞ್ಞಣ್ಣ ರೈಗಳಿದ್ದರು. ರೈಗಳು ನೂರು ತುಂಬಿಸಿ 2015ರಲ್ಲಿ ಹೋದರು, ಸ್ವಾಮಿಗಳು 2020ರಲ್ಲಿ. ನೂರು ವರ್ಷ ಬಾಳಿದವರಿಗೂ ಈ ಸಲದ ಮೂಡಪ್ಪ ಸಿಗಲಿಲ್ಲ. ನಮ್ಮ ನಿಮ್ಮ ಪಾಡೇನು?

1992ರಲ್ಲಿ ನಾನು ಕಾಲೇಜು ಹುಡುಗ. ಲಾರಿಯಿಂದ ಹೊರೆಕಾಣಿಕೆಯ, ಅಂದರೆ ಊರವರು ಗುಡಿಗೆ ಕೊಟ್ಟ, ತೆಂಗಿನಕಾಯಿ ಇಳಿಸುತ್ತಿದ್ದೆ. ದೇವರಿಗಿಂತ ಜಾಸ್ತಿ ನೆನಪಿರುವುದು ಬೆಲ್ಲದ ವಾಸನೆ. ನಮ್ಮ ದೊಡ್ಡಮ್ಮನಿಗೆ ಆಗ ಐವತ್ತರ ಆಚೀಚೆ. ನನ್ನ ಕಣ್ಣಿಗೆ ಆಗಲೇ ಮುದುಕಿ! ಈಗ ಐವತ್ತು ದಾಟಿದವನು ನಾನು, ಅವರು ಎಂಬತ್ತು ದಾಟಿದ್ದಾರೆ. ಊರುಗೋಲು ಬಂದಿದೆ, ಒಂದು ಕಿವಿ ಕೇಳಿಸುವುದಿಲ್ಲ. ಆದರೂ ಹಟ ಹಿಡಿದರು, "ದರ್ಶನ ಮತ್ತೆ, ಆನು ಮೊದಲು ಅಡಿಗೆ ಕೊಟ್ಟಗೆಗೆ ಹೋಪದು" ಅಂತ. ದೊಡ್ಡಮ್ಮನದು ಹವ್ಯಕ ಮಾತು, "ಆನು" ಅಂದರೆ ನಾನು, "ಹೋಪದು" ಅಂದರೆ ಹೋಗುವುದು.

ಹಳೇ ಪಂಚೆಯಲ್ಲಿ ಸುತ್ತಿ ಮನೆಯಿಂದ ಮೆಟ್ಟುಕತ್ತಿ ತಂದಿದ್ದರು. ಹಿಡಿಯ ಮರ ಅಷ್ಟು ವರ್ಷ ಕಾಲಡಿ ಸವೆದು ನುಣ್ಣಗಾಗಿತ್ತು. ನೆಲದಲ್ಲಿ ಕೂತು ಕಾಲಲ್ಲಿ ಅದುಮಿ ಹಿಡಿದರೆ ಮಾತ್ರ ಅದರಲ್ಲಿ ಕೊರೆಯಲು ಆಗುವುದು. ದೊಡ್ಡಮ್ಮನ ಮಂಡಿ ಈಗ ಮಡಚುವುದಿಲ್ಲ. ಕುರ್ಚಿಯಲ್ಲಿ ಕೂತು, ಎದುರು ಕೂತಿದ್ದ ಒಬ್ಬಳು ಹುಡುಗಿಗೆ ಕೊಟ್ಟರು. ಅವಳು ಯಾರ ಮನೆಯವಳೋ ನಮಗೆ ಗೊತ್ತಿಲ್ಲ. ಕುಂಬಳಕಾಯಿ ಹೋಳು ಹೇಗೆ ಹಿಡಿಯಬೇಕು, ಬೆರಳು ಎಲ್ಲಿರಬೇಕು ಅಂತ ತೋರಿಸುತ್ತಾ ಹೋದರು. "ದಪ್ಪ ಕೊರದರೆ ಬೇವಲೆ ಹೊತ್ತಕ್ಕು ಮಗಾ." ಮಧ್ಯಾಹ್ನದ ಹೊತ್ತಿಗೆ ಹುಡುಗಿಯ ಕೈ ಕೂತಿತ್ತು. ಹೊರಡುವಾಗ ಅವಳು ಕತ್ತಿ ತೊಳೆದು ವಾಪಸು ಕೊಡಲು ಬಂದಳು. ದೊಡ್ಡಮ್ಮ ತೆಗೆದುಕೊಳ್ಳಲಿಲ್ಲ.

"ನಿನಗಿರಳಿ. ಇನ್ನಾಣ ಮೂಡಪ್ಪಕ್ಕೆ ತೆಕ್ಕೊಂಡು ಬಾ."

ಹುಡುಗಿ ನಕ್ಕಳು. "ಅಜ್ಜೀ, ಅಷ್ಟೊತ್ತಿಗೆ ನಾನೂ ಅಜ್ಜಿಯಾಗಿರ್ತೇನೆ!"

"ಅಪ್ಪು (ಹೌದು). ಅದಕ್ಕೇ ಕೊಟ್ಟದು."

ವಾಟ್ಸಾಪಿನಲ್ಲಿ ದಿನಾ ಬೆಳಿಗ್ಗೆ ಬಾಳು ಕ್ಷಣಿಕ, ಯಾವುದೂ ನಮ್ಮದಲ್ಲ ಎಂಬ ಮಾತುಗಳು ಬರುತ್ತವೆ. ಓದಿ ಮುಂದಿನವರಿಗೆ ಕಳಿಸುತ್ತೇವೆ, ಅಷ್ಟಕ್ಕೆ ಮುಗಿಯಿತು. ದೊಡ್ಡಮ್ಮ ಅಂಥದ್ದೊಂದನ್ನೂ ಹೇಳಿದವರಲ್ಲ. ಬೇಕಾದದ್ದನ್ನು ಕೈಬಿಟ್ಟು ತೋರಿಸಿದರು. ವಯಸ್ಸಾದವರೆಲ್ಲ ಹೀಗೆ ಇರುತ್ತಾರೆ ಅಂತ ನಾನು ಹೇಳುವುದಿಲ್ಲ. ಅದೇ ದಿನ, ಅದೇ ಅಂಗಳದಲ್ಲಿ, ದೊಡ್ಡಮ್ಮನ ಪ್ರಾಯದವರೇ ಒಬ್ಬರು ಮುಂದಿನ ಸಾಲಿನ ಕುರ್ಚಿಗೆ ಜಗಳ ಮಾಡುತ್ತಿದ್ದರು. ಕೂದಲು ಬೆಳ್ಳಗಾದ ಮಾತ್ರಕ್ಕೆ ಬುದ್ಧಿ ಬರುವುದಿಲ್ಲ, ಅಲ್ವಾ?

ಬಿಸಿಲು ಇಳಿದ ಮೇಲೆ ದರ್ಶನಕ್ಕೆ ಹೋದೆವು. ಇಲ್ಲಿ ಗುಡಿಯ ಮೂಲ ದೇವರು ಈಶ್ವರ, ಮದನಂತೇಶ್ವರ. ಮಾದರು ಎಂಬ ಹೆಂಗಸು ಹುಲ್ಲು ಕೊಯ್ಯುವಾಗ ಸಿಕ್ಕಿದ ಲಿಂಗ ಅಂತ ಕತೆ. ಗಣಪತಿ ಆಮೇಲೆ ಬಂದವನು. ಅರ್ಚಕರ ಮನೆಯ ಹುಡುಗ ಆಟಕ್ಕೆ ಗರ್ಭಗುಡಿಯ ಗೋಡೆಯಲ್ಲಿ ಬರೆದ ಚಿತ್ರ ಬೆಳೆಯುತ್ತಾ ದಪ್ಪವಾಗುತ್ತಾ ಹೋಯಿತಂತೆ. ಅದಕ್ಕೇ ಬೊಡ್ಡಜ್ಜ, ಅಂದರೆ ದಪ್ಪಜ್ಜ, ಅಂತ ಮುದ್ದಿನ ಹೆಸರು. ಚಿಕ್ಕ ಹುಡುಗ ಸುಮ್ನೆ ಬರೆದದ್ದು ಊರಿಗೆಲ್ಲ ಅಜ್ಜನಾಗಿ ಕೂತಿದೆ. ಅವನ ಎದುರು ಎಂಬತ್ತು ದಾಟಿದ ದೊಡ್ಡಮ್ಮನೂ ಪುಳ್ಳಿಯೇ, ಮೊಮ್ಮಗಳೇ.

ಜನ ತಳ್ಳುತ್ತಿದ್ದರು. ನಿಲ್ಲಲು ಸಿಕ್ಕಿದ್ದು ಸ್ವಲ್ಪವೇ ಹೊತ್ತು. ನಾನು ಆ ಗಡಿಬಿಡಿಯಲ್ಲೂ ಮಗಳ ಮದುವೆ, ಅಡಿಕೆಯ ರೇಟು, ನನ್ನ ಸಕ್ಕರೆ ಕಾಯಿಲೆ ಎಲ್ಲ ಹೇಳಿ ಮುಗಿಸಿದೆ. ದೊಡ್ಡಮ್ಮ ಕೈಮುಗಿದು, ಕಣ್ಣು ಮುಚ್ಚದೆ ನೋಡುತ್ತಲೇ ನಿಂತಿದ್ದರು. ಹೊರಗೆ ಬಂದ ಮೇಲೆ ಕೇಳಿದೆ, ಎಂತ ಬೇಡಿಕೊಂಡ್ರಿ ಅಂತ. "ಬೇಡುಲೆ ಎಂತ ಇದ್ದು? ನೋಡಿದೆ. ಆನು ಬಪ್ಪದು ಇದು ಅಖೇರಿ ಹೇಳಿ ಅವಂಗೂ ಗೊಂತಿದ್ದು." ದನಿಯಲ್ಲಿ ಬೇಜಾರಿರಲಿಲ್ಲ. ಬಸ್ಸು ಎಷ್ಟು ಗಂಟೆಗೆ ಅಂತ ಕೇಳುವ ದನಿ.

ಮರುದಿನ ಬೆಳಿಗ್ಗೆ ಅಪ್ಪದ ಪ್ರಸಾದವನ್ನು ಬಾಳೆಲೆಯಲ್ಲಿ ಕಟ್ಟಿ ಕಟ್ಟಿ ನನ್ನ ಕೈಗೆ ಕೊಟ್ಟರು. ನಡೆಯಲಾಗದೆ ಮಲಗಿದವರ ಮನೆಗಳಿಗೆ ಮೊದಲು, ನೆಂಟರಿಗೆ ಆಮೇಲೆ ಅಂತ ತಾಕೀತು. ನೆರೆಮನೆಯ ಅಜ್ಜ ಹಾಸಿಗೆ ಹಿಡಿದು ಎರಡು ಮಳೆಗಾಲ ಕಳೆದಿದೆ. 1992ರಲ್ಲಿ ಪಂಕ್ತಿಯಲ್ಲಿ ಬಡಿಸಲು ಓಡಾಡಿದವರು. ಅಪ್ಪವನ್ನು ಕಣ್ಣಿಗೊತ್ತಿಕೊಂಡು ಒಂದು ಚೂರು ಬಾಯಿಗೆ ಹಾಕಿಕೊಂಡರು. ಜನ ಎಷ್ಟಿದ್ದರು, ಯಾವ ಸ್ವಾಮಿಗಳು ಬಂದಿದ್ದರು, ಯಾವುದನ್ನೂ ಕೇಳಲಿಲ್ಲ.

"ಪಾಯಸ ಎಂತರದ್ದು?" ಅಂದರು.

ಹೇಳಿದೆ. ಸಿಹಿ ಸಾಕಷ್ಟಿತ್ತೋ ಅಂತ ಮತ್ತೆ ಕೇಳಿದರು.