ತೂಗುಹಾಕಿದ ಹೂಗಳು

ಈ ವಾರ ತೋಟದ ಗುಲಾಬಿಗಳನ್ನು ಒಣಗಿಸುತ್ತಿದ್ದೇನೆ. ಪೂರ್ತಿ ಅರಳುವವರೆಗೆ ಕಾಯಬಾರದು, ಅರೆಬಿರಿದಾಗಲೇ, ಬೆಳಗಿನ ಇಬ್ಬನಿ ಆರಿದ ಮೇಲೆ ಕತ್ತರಿಸಬೇಕು. ಒದ್ದೆಯಿದ್ದರೆ ಬೂಷ್ಟು ಹಿಡಿಯುತ್ತದೆ. ಎಲೆ ಕಿತ್ತು, ನಾಲ್ಕೈದು ದಂಟುಗಳನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದು ತಲೆಕೆಳಗಾಗಿ ತೂಗುಹಾಕಿದ್ದೇನೆ. ದಾರಕ್ಕಿಂತ ರಬ್ಬರ್ ಬ್ಯಾಂಡೇ ಮೇಲು: ದಂಟು ಒಣಗಿ ಸಣ್ಣಗಾದರೂ ಕಟ್ಟು ಸಡಿಲವಾಗುವುದಿಲ್ಲ.

ಒಣಗಿಸೋದು ಅಂದರೆ ಬಿಸಿಲಿಗಿಡೋದು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಹೂವಿಗೆ ಬೇಕಾದದ್ದು ಕತ್ತಲೆ ಮತ್ತು ಗಾಳಿ. ಬೆಳಕು ಬಿದ್ದಷ್ಟೂ ದಳದ ಬಣ್ಣ ಮಾಸುತ್ತದೆ. ಗಾಳಿಯಾಡುವ ಕತ್ತಲೆ ಮೂಲೆಯಲ್ಲಿ 2–3 ವಾರ ಬಿಟ್ಟು, ದಂಟು ಬಾಗದೆ ಪಟ್ಟನೆ ಮುರಿದರೆ ಆಯಿತು.

ಕೆಂಪು ಗುಲಾಬಿ ಕಪ್ಪುಗೆಂಪಿಗೆ, ಬಿಳಿಯದು ಕೆನೆಬಣ್ಣಕ್ಕೆ ತಿರುಗುತ್ತದೆ. ನನಗಂತೂ ತಾಜಾ ಹೂವಿಗಿಂತ ಈ ಬಣ್ಣಗಳೇ ಇಷ್ಟ. ಡೇಲಿಯಾ ಮಾತ್ರ ತೂಗುಹಾಕಿದರೆ ಮುದುಡಿಹೋಗುತ್ತದೆ. ಅದನ್ನು ತೇವ ಹೀರುವ ಸಿಲಿಕಾ ಜೆಲ್ ಹರಳುಗಳಲ್ಲಿ ಹುದುಗಿಸಿ, ಬಿಗಿ ಮುಚ್ಚಳದ ಡಬ್ಬದಲ್ಲಿ ಸುಮಾರು ಒಂದು ವಾರ ಇಟ್ಟರೆ ಆಕಾರ ಕೆಡುವುದಿಲ್ಲ. ಸ್ಟ್ಯಾಟಿಸ್ ಅನ್ನೋ ಹೂವಿಗೆ ಈ ಉಪಚಾರವೇ ಬೇಡ. ಗಿಡದಲ್ಲಿರುವಾಗಲೇ ಅದು ಕಾಗದದ ಹಾಗೆ ಗರಿಗರಿ!

ಹೂದಾನಿಯ ಹೂವನ್ನು ಮೊದಲ ದಿನ ನೋಡಿ ಆಮೇಲೆ ಮರೆತೇಬಿಡುತ್ತೇನೆ. ತೂಗುಹಾಕಿದ್ದನ್ನು ಮಾತ್ರ ದಿನಾ ಹೋಗಿ ನೋಡುತ್ತೇನೆ, ಯಾವ ದಳದ ಅಂಚು ಎಂದು ಸುರುಳಿಯಾಯಿತು ಅನ್ನೋದೂ ಗೊತ್ತಿರುತ್ತದೆ. ಹೂವನ್ನು ಇಷ್ಟು ಹತ್ತಿರದಿಂದ ನೋಡಿದ್ದು ಅದು ಗಿಡ ಬಿಟ್ಟ ಮೇಲೆಯೇ ಅನ್ನಿಸಿ ಒಂದು ಕ್ಷಣ ಸುಮ್ಮನೆ ನಿಂತೆ.

ಮುಂದಿನ ಸಲ ಸ್ಟ್ಯಾಟಿಸ್ ಬೀಜ ಹೆಚ್ಚು ಹಾಕಬೇಕು, ನೇರಳೆ, ಹಳದಿ ಎರಡೂ.