ಅತ್ತೂರಿನ ಸಣ್ಣ ಮೊಂಬತ್ತಿ

ಪಾರ್ಶ್ವವಾಯು ಬಡಿದು ನಮ್ಮ ಯಜಮಾನರು ಹಾಸಿಗೆ ಹಿಡಿದು ಈ ಜನವರಿಗೆ 11 ವರ್ಷ. ಬಲಗೈ ಬಲಗಾಲು ಬಿದ್ದುಹೋದವು, ಜೊತೆಗೆ ಮಾತೂ ಹೋಯಿತು. ಮೊದಲ ವರ್ಷ ಕಾರ್ಕಳದ ಬಳಿಯ ಅತ್ತೂರಿನ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಸಂತ ಲಾರೆನ್ಸರ ಮುಂದೆ ನಿಂತು ಹರಕೆ ಹೇಳಿಕೊಂಡಿದ್ದೆ: ಮುಂದಿನ ಸಾಂತ್‌ಮಾರಿಗೆ, ಅಂದರೆ ಅಲ್ಲಿನ ವಾರ್ಷಿಕ ಹಬ್ಬಕ್ಕೆ, ಇವರು ನಡೆದು ಬರಲಿ, ಇವರಷ್ಟೇ ಎತ್ತರದ ಮೊಂಬತ್ತಿ ಹಚ್ಚಿಸುತ್ತೇನೆ. ಆ ಮೊಂಬತ್ತಿ ಇನ್ನೂ ಉರಿದಿಲ್ಲ. ಪ್ರತಿ ವರ್ಷ ಸಣ್ಣದೊಂದನ್ನು ಹಚ್ಚಿ ಬರುತ್ತೇನೆ.

ಈ ಸಲವೂ ಹೋದೆ. ಕಾರ್ಕಳ ದಾಟುತ್ತಿದ್ದಂತೆ ಜನವೋ ಜನ. ಕೊಂಕಣಿಯ ಬಲಿಪೂಜೆ ಮುಗಿದರೆ ಕನ್ನಡದ್ದು. ಹೊರಗೆ ತುಳುವಿನಲ್ಲಿ ಮಾತಾಡುತ್ತ ಹೂವು, ಮೊಂಬತ್ತಿ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ಕ್ರೈಸ್ತರಲ್ಲದವರೂ ಎಷ್ಟೋ ಮಂದಿ. ಅವರ ಭಕ್ತಿ ನೋಡಿದಾಗಲೆಲ್ಲ ನನ್ನ ಭಕ್ತಿಗೂ ಜೀವ ಬರುತ್ತದೆ. ನಾನು ಹೊರಡುವಾಗ ಇವರ ಪಕ್ಕ ಕೂರಲು ಬಂದ ನೆರೆಮನೆಯ ಅಕ್ಕನೂ ಅವರಂಥವರೇ. "ನನ್ನ ಲೆಕ್ಕದಲ್ಲೂ ಒಂದು ಮೊಂಬತ್ತಿ ಹಚ್ಚು, ಪುಷ್ಕರಿಣಿಯ ನೀರು ತಾ" ಎಂದು ಕೈಗೆ ಬಾಟಲಿ ಕೊಟ್ಟಿದ್ದರು.

ಪುಷ್ಕರಿಣಿಯ ಬಳಿ ನಿಂತಾಗ ಬೆತ್ಸಾಥದ ಕೊಳ ನೆನಪಾಯಿತು. ಬೈಬಲ್ಲಿನ ಯೊವಾನ್ನರ ಶುಭಸಂದೇಶದ ಐದನೆಯ ಅಧ್ಯಾಯ. ಆ ಕೊಳದ ನೀರು ಕದಡಿದಾಗ ಮೊದಲು ಇಳಿದವರಿಗೆ ಗುಣವಾಗುತ್ತದೆ ಎಂಬ ನಂಬಿಕೆ. ಅಲ್ಲಿ ಮಲಗಿದ್ದವನಿಗೆ 38 ವರ್ಷಗಳ ಕಾಯಿಲೆ. ಗುಣವಾಗಬೇಕೆ ಎಂದು ಯೇಸು ಕೇಳಿದರೆ ಅವನು ಹೌದು ಅನ್ನುವುದಿಲ್ಲ. ನೀರು ಕದಡಿದಾಗ ನನ್ನನ್ನು ಕೊಳಕ್ಕಿಳಿಸುವವರು ಯಾರೂ ಇಲ್ಲ, ನಾನು ಹೋಗುವಷ್ಟರಲ್ಲಿ ಇನ್ನೊಬ್ಬ ಇಳಿದುಬಿಡುತ್ತಾನೆ ಅನ್ನುತ್ತಾನೆ. ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಇವರನ್ನು ಮಗ್ಗುಲು ಹೊರಳಿಸುತ್ತ ಎಷ್ಟೋ ರಾತ್ರಿ ನಾನೂ ಅದೇ ದೂರು ಹೇಳಿದ್ದೇನೆ: ನನಗೆ ಯಾರೂ ಇಲ್ಲ, ಸ್ವಾಮಿ. ಈ ಸಲ ಆ ದೂರು ಬಾಯಿಗೆ ಬರಲಿಲ್ಲ. ಅಕ್ಕನ ಬಾಟಲಿ ಕೈಯಲ್ಲೇ ಇತ್ತಲ್ಲ.

38 ವರ್ಷ ಎಂದು ನಾವು ಒಂದೇ ಉಸಿರಿಗೆ ಓದಿಬಿಡುತ್ತೇವೆ. ಅವನಿಗಾದರೋ ಅದು 38 ಎಂದು ಮೊದಲೇ ಗೊತ್ತಿತ್ತೇ? ನಮ್ಮ ಕರಾವಳಿಯ ಹಿರಿಯರದ್ದೂ ಅದೇ ಕಥೆ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಅತ್ತೂರಿನ ಹಳೆಯ ಇಗರ್ಜಿಯೂ ಆಗಲೇ ನೆಲಸಮವಾಯಿತು. ದಾರಿಯಲ್ಲಿ ಸತ್ತವರೆಷ್ಟೋ, ಸೆರೆಯಲ್ಲಿ ಸತ್ತವರೆಷ್ಟೋ. ಬಿಡುಗಡೆಯಾದದ್ದು 1799ರಲ್ಲಿ. ಹದಿನೈದು ವರ್ಷ ಎಂದು ನಾವು ಇವತ್ತು ಲೆಕ್ಕ ಹೇಳುತ್ತೇವೆ. ಘಟ್ಟ ಹತ್ತುತ್ತಿದ್ದ ತಾಯಿಗೆ ಗೊತ್ತಿದ್ದದ್ದು ಆವತ್ತಿನ ಬಿಸಿಲು, ಸೊಂಟದ ಮೇಲಿನ ಮಗು, ಇಷ್ಟೇ. ಮುಂದಿನ ಹದಿನೈದು ವರ್ಷಕ್ಕೆ ಬೇಕಾದ ಬಲವನ್ನು ದೇವರು ಆವತ್ತೇ ಅವಳ ಮಡಿಲಿಗೆ ಸುರಿದಿರಲಾರರು. ಮರುಭೂಮಿಯಲ್ಲಿ ಇಸ್ರಯೇಲರಿಗೆ ದೇವರು ಕೊಟ್ಟ ಆಹಾರ ಮನ್ನವೂ ಹಾಗೇ, ಆಯಾ ದಿನಕ್ಕೆಷ್ಟೋ ಅಷ್ಟೇ ತಾನೇ ಸಿಗುತ್ತಿದ್ದದ್ದು? ನಾಳೆಗೆಂದು ಎತ್ತಿಟ್ಟರೆ ಹುಳ ಬೀಳುತ್ತಿತ್ತು.

ಬದುಕಿ ಬಂದವರು ಮುಳಿಹುಲ್ಲು ಹೊದಿಸಿ ಮತ್ತೆ ಇಗರ್ಜಿ ಕಟ್ಟಿದರು. ಮನೆಮಂದಿಯನ್ನು ಕಳಕೊಂಡು ಬಂದ ಕೈಗಳೇ ಆ ಹುಲ್ಲು ಹೊದಿಸಿರಬೇಕು. ಆ ಬಡ ಸೂರಿನ ಮುಂದುವರಿಕೆಯೇ 2016ರಲ್ಲಿ ಬಸಿಲಿಕಾ, ಅಂದರೆ ಪೋಪರಿಂದ ವಿಶೇಷ ಗೌರವ ಪಡೆದ ಇಗರ್ಜಿ, ಎನಿಸಿಕೊಂಡ ಈ ದೇವಾಲಯ. ನನಗೆ ಮಾತ್ರ ಬಸಿಲಿಕಾದೊಳಗೆ ಕೂತಾಗಲೂ ಆ ಹುಲ್ಲಿನ ಸೂರೇ ಕಣ್ಣಿಗೆ ಕಟ್ಟುತ್ತದೆ.

ಲಾರೆನ್ಸರ ಕಥೆ ಚಿಕ್ಕಂದಿನಿಂದ ಕೇಳಿದ್ದೇ. ರೋಮ್‌ನ ಸೇವಾದರ್ಶಿ (ಡೀಕನ್), 258ರಲ್ಲಿ ವಿಶ್ವಾಸಕ್ಕಾಗಿ ಪ್ರಾಣಕೊಟ್ಟ ರಕ್ತಸಾಕ್ಷಿ. ಧರ್ಮಸಭೆಯ ಸಂಪತ್ತನ್ನು ತಂದೊಪ್ಪಿಸು ಎಂದು ಅಧಿಕಾರಿ ಅಪ್ಪಣೆ ಮಾಡಿದಾಗ ಅವರು ಬಡವರನ್ನೂ ಕುಂಟರನ್ನೂ ಕುರುಡರನ್ನೂ ಕರೆತಂದು ನಿಲ್ಲಿಸಿದರಂತೆ: ಇವರೇ ನಮ್ಮ ಸಂಪತ್ತು. ಇಷ್ಟು ವರ್ಷ ನಾನು ಅವರ ಮುಂದೆ ಇವರನ್ನೊಂದು ಹೊರೆಯೆಂದೇ ಇಳಿಸುತ್ತಿದ್ದೆನಲ್ಲ ಎಂದು ಪೂಜೆಯ ನಡುವೆ ಕಣ್ಣು ತುಂಬಿತು. ಗುಣಮಾಡಿ ಎಂದು ಈ ಸಲವೂ ಕೇಳಿದೆ, ಕೇಳುವುದನ್ನು ಬಿಡುವುದಿಲ್ಲ. ಆದರೆ ಅದಕ್ಕಿಂತ ಮೊದಲು ನಾಳೆ ಬೆಳಗ್ಗೆ ಇವರ ಬಾಯಿಗೆ ಗಂಜಿ ಇಡುವಾಗ ನನ್ನ ಕೈಯಲ್ಲಿ ಸಿಡುಕು ಇರದಿರಲಿ ಎಂದು ಬೇಡಿಕೊಂಡೆ. ಎರಡು ಮೊಂಬತ್ತಿ ಹಚ್ಚಿದೆ, ಅಕ್ಕನದ್ದೊಂದು, ನಮ್ಮದೊಂದು.

ಮನೆ ಮುಟ್ಟುವಾಗ ಕತ್ತಲಾಗಿತ್ತು. ಇವರ ಹಣೆಗೆ ಪುಷ್ಕರಿಣಿಯ ನೀರು ಹಚ್ಚಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಶುರುಮಾಡಿದೆ. ಅಕ್ಕ ಬಾಗಿಲ ಬಳಿ ಕೈಮುಗಿದು ಕೂತಿದ್ದರು. ನೀರು ಬೇಕು ಎಂದು ಹೇಳಲೂ ಇವರಿಗೆ ಮಾತು ಬರುವುದಿಲ್ಲ. ಆದರೆ ಒಂದೊಂದು ನಮೋ ಮರಿಯಾ ಮುಗಿದಾಗಲೂ ತುಟಿ ಅಲುಗಿ, ಕಾದು ಕೂತವರ ಹಾಗೆ ಆ ಒಂದು ಪದ ಪೂರ್ತಿಯಾಗಿ ಹೊರಬರುತ್ತದೆ: ಆಮೆನ್.