ಮಳೆಗಾಲಕ್ಕೆ ಮೊದಲು ಮಾಡು, ಮಳೆಗಾಲದಲ್ಲಿ ಓದು

ಸ್ವಂತದ ಗುರಿ, ಮನೆಯ ದುರಸ್ತಿ ಮತ್ತು ಸಂಸಾರದ ದಿನನಿತ್ಯ ಈ ಮೂರನ್ನೂ ಹೇಗೆ ಸರಿದೂಗಿಸಬೇಕೆಂದು ತಿಳಿದವರು ಕೊಡುವ ಸಲಹೆಗಳಲ್ಲಿ ಹೆಚ್ಚಿನವು ದಿನವನ್ನೇ ಅಳತೆಗೋಲಾಗಿ ಹಿಡಿದಿರುತ್ತವೆ. ಬೆಳಗಿನ ಐದಕ್ಕೆ ಏಳಬೇಕು, ಮನೆಯವರು ಏಳುವುದರೊಳಗೆ ಒಂದು ಗಂಟೆಯನ್ನು ತನಗಾಗಿ ತೆಗೆದಿಡಬೇಕು, ಸಂಜೆ ಅರ್ಧ ಗಂಟೆ ಮನೆಯ ಬಾಕಿ ಕೆಲಸಕ್ಕೆ ಮೀಸಲಿಡಬೇಕು ಎಂಬ ಧಾಟಿಯ ಮಾತುಗಳವು. ಸಾಗರ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆಯಲ್ಲಿ ಬೆಳಗಿನ ಐದು ಗಂಟೆ ಎಂಬುದು ಯಾರೂ ಮುಟ್ಟದೆ ಉಳಿದಿರುವ ಸಮಯವಲ್ಲ. ಅದು ಎಂದೋ ಕೊಟ್ಟಿಗೆಯ ಪಾಲಾಗಿದೆ. ಹಾಲು ಕರೆದು, ಬಚ್ಚಲ ಒಲೆಗೆ ಬೆಂಕಿ ಹಾಕಿ, ತಿಂಡಿಗೆ ಅಣಿ ಮಾಡುವಷ್ಟರಲ್ಲಿ ಮಗಳ ಶಾಲೆಯ ಬಸ್ಸಿನ ಹೊತ್ತಾಗಿರುತ್ತದೆ. ಹೀಗಿರುವಾಗ ದಿನವನ್ನು ಇನ್ನಷ್ಟು ಸಣ್ಣದಾಗಿ ಹಂಚುವುದರಿಂದ ಏನೂ ದಕ್ಕುವುದಿಲ್ಲವೆಂದು ನನಗೆ ಮನವರಿಕೆಯಾಗಿದೆ. ನಮ್ಮಲ್ಲಿ ಹಂಚಿಕೊಳ್ಳಲು ಸಾಧ್ಯವಿರುವುದು ವರ್ಷ ಮಾತ್ರ.

ನಾನು ಮುಕ್ತ ವಿಶ್ವವಿದ್ಯಾನಿಲಯದ ಮೂಲಕ ಕನ್ನಡ ಎಂ.ಎ. ಓದುತ್ತಿದ್ದೇನೆ. ಮದುವೆಯಾಗಿ ಬಂದ ಹೆಣ್ಣುಮಕ್ಕಳು ಮನೆಯಲ್ಲಿದ್ದುಕೊಂಡೇ ಓದುವುದು ಮಲೆನಾಡಿಗೆ ಹೊಸತೇನಲ್ಲ. 1996ರಲ್ಲಿ ಮೈಸೂರಿನಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಹುಟ್ಟುವುದಕ್ಕೆ ಮೊದಲು ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣವಿತ್ತು. ಟಪಾಲಿನಲ್ಲಿ ಬರುತ್ತಿದ್ದ ಪಾಠಗಳ ಕಟ್ಟುಗಳನ್ನು ಈಗಲೂ ಅಟ್ಟದ ಮೇಲೆ ಕಾಪಾಡಿಕೊಂಡು ಬಂದಿರುವ ಹಿರಿಯರು ನಮ್ಮ ನೆಂಟರಿಷ್ಟರಲ್ಲಿದ್ದಾರೆ. ನನಗೆ ಹೊಸದಾಗಿ ಕಂಡದ್ದು ಓದಿನ ವಿಷಯವಲ್ಲ, ಆ ಓದಿಗೆ ಮನೆಯ ವರ್ಷದಲ್ಲಿ ಜಾಗ ಎಲ್ಲಿ ಸಿಗುತ್ತದೆ ಎಂಬ ಲೆಕ್ಕ.

ಆ ಲೆಕ್ಕ ಹಾಕಲು ಕುಳಿತಾಗ ಮೊದಲು ಗೋಚರಿಸಿದ್ದು ಬಿಸಿಲಿನ ಅಭಾವ. ಹೊರಗಿನವರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಮಳೆಗಾಲ ದೀರ್ಘವಾಗಿರುವ ಈ ಸೀಮೆಯಲ್ಲಿ ಫೆಬ್ರವರಿಯಿಂದ ಮೇ ತಿಂಗಳವರೆಗಿನ ಬಿಸಿಲಿಗಾಗಿ ಮನೆಯ ಎಲ್ಲ ಕೆಲಸಗಳೂ ಏಕಕಾಲಕ್ಕೆ ಪೈಪೋಟಿಗೆ ಇಳಿಯುತ್ತವೆ. ಕೊನೆಯ ಕೊಯ್ಲಿನ ಅಡಿಕೆ ಒಣಗಬೇಕು. ವರ್ಷಕ್ಕಾಗುವಷ್ಟು ಸೌದೆ ಒಣಗಿ ಕೊಟ್ಟಿಗೆ ಸೇರಬೇಕು. ಸೊಪ್ಪಿನ ಬೆಟ್ಟದಿಂದ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರಬೇಕು. ಹಲಸಿನಕಾಯಿ ಬಲಿತ ಕೂಡಲೇ ಹಪ್ಪಳ, ಅದರ ಬೆನ್ನಿಗೆ ಸಂಡಿಗೆ, ಮಿಡಿ ಸಿಕ್ಕಿದರೆ ಉಪ್ಪಿನಕಾಯಿ. ಮಾಡಿನ, ಅಂದರೆ ಮನೆಯ ಸೂರಿನ, ಕೆಲಸವೂ ಇದೇ ಬಿಸಿಲಿನಲ್ಲಿ ಆಗಬೇಕು, ಏಕೆಂದರೆ ಹಂಚು ಇಳಿಸಿದ ಮನೆ ಆಕಾಶಕ್ಕೆ ತೆರೆದುಕೊಂಡಿರುತ್ತದೆ. ಮದುವೆ, ಮುಂಜಿಗಳ ಕಾಲವೂ ಇದೇ. ಆದ್ದರಿಂದ ಕೆಲಸಕ್ಕೆ ಬರುವವರೂ ಮರಗೆಲಸದ ಆಚಾರರೂ ಸಿಗುವುದು ಈ ತಿಂಗಳುಗಳಲ್ಲಿಯೇ ಅತಿ ಕಷ್ಟ. ಇಷ್ಟರ ನಡುವೆ ಓದಿಗೆಂದು ದಿನಕ್ಕೆ ಒಂದು ಗಂಟೆಯನ್ನು ಎಳೆದು ತರಲು ಹೊರಟರೆ ಆ ಗಂಟೆ ದೊರೆತರೂ ಅದರೊಳಗೆ ಓದುವ ಚೈತನ್ಯ ಉಳಿದಿರುವುದಿಲ್ಲ.

ನಮ್ಮ ಮನೆಯ ಅಡುಗೆಮನೆ ಭಾಗದ ಮಾಡಿಗೆ ಗೆದ್ದಲು ಹಿಡಿದಿತ್ತು. ಮಾಡನ್ನು ಹೊರುವ ಪಕಾಸಿಗಳಲ್ಲಿ ಕೆಲವು ಮೇಲ್ನೋಟಕ್ಕೆ ಗಟ್ಟಿಯಾಗಿ ತೋರುತ್ತಿದ್ದರೂ ಬೆರಳಿನಲ್ಲಿ ಒತ್ತಿದರೆ ಪುಡಿ ಉದುರುತ್ತಿತ್ತು. ಹಂಚು ಕೂರುವ ರೀಪುಗಳನ್ನಂತೂ ಪೂರ್ತಿಯಾಗಿ ಬದಲಾಯಿಸಬೇಕಿತ್ತು. ಪ್ರತಿ ವರ್ಷ ಹಂಚು ಕೈಯಾಡಿಸುವಾಗ ಒಡೆದದ್ದನ್ನು ತೆಗೆದು ಹೊಸದನ್ನು ಸೇರಿಸಿ ಮುಂದಕ್ಕೆ ತಳ್ಳುತ್ತ ಬಂದ ಕೆಲಸವಿದು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಕರಾವಳಿಯಿಂದ ಘಟ್ಟ ಹತ್ತಿ ಬಂದ ಈ ಹಂಚುಗಳ ಗುಣವೆಂದರೆ ಅವು ಒಂದೊಂದಾಗಿ ಬದಲಾಗಬಲ್ಲವು. ತುಂಡು ತುಂಡಾಗಿ ಮಾಡಬಹುದಾದ ದುರಸ್ತಿಯನ್ನು ಮನುಷ್ಯ ಎಷ್ಟು ವರ್ಷ ಬೇಕಾದರೂ ತುಂಡು ತುಂಡಾಗಿಯೇ ಮುಂದೂಡಬಲ್ಲನೆಂಬುದಕ್ಕೂ ಅವೇ ಸಾಕ್ಷಿ. ಅಡಿಯ ಮರ ಹಾಳಾದಾಗ ಮಾತ್ರ ಆ ಸೌಕರ್ಯ ಮುಗಿಯುತ್ತದೆ.

ಇಂತಹ ಕೆಲಸ ಯಾವಾಗ ಆರಂಭವಾಗುತ್ತದೆ ಎಂಬುದನ್ನು ನಿರ್ಧರಿಸುವುದು ಅಡಿಕೆಯ ಧಾರಣೆ. ಕೊಯ್ಲು ಮುಗಿದು ಅಡಿಕೆ ಚೀಲ ಸೇರಿದ ಮೇಲೆ ಅದನ್ನು ಈಗಲೇ ಮಂಡಿಗೆ ಹಾಕಬೇಕೋ ಧಾರಣೆ ಏರುವವರೆಗೆ ಕಾಯಬೇಕೋ ಎಂಬ ಚರ್ಚೆ ಪ್ರತಿ ಮನೆಯ ಜಗಲಿಯಲ್ಲೂ ನಡೆಯುತ್ತದೆ. ನಮ್ಮನೆಯವರು ಕಾಯುವ ಸ್ವಭಾವದವರು. ಅವರು ಕಾದಷ್ಟೂ ಮರ ಕೊಯ್ಯಿಸುವುದು ತಡವಾಗುತ್ತದೆ, ಮರ ತಡವಾದರೆ ಆಚಾರರು ಬೇರೆ ಮನೆಯನ್ನು ಒಪ್ಪಿಕೊಳ್ಳುತ್ತಾರೆ, ಆಚಾರರು ಬರುವಷ್ಟರಲ್ಲಿ ಕೃತ್ತಿಕೆ ಮಳೆಯ ಗುಡುಗು ಶುರುವಾಗಿರುತ್ತದೆ. ಮಾಡಿನ ಕೆಲಸಕ್ಕೆ ಬೇಕಾಗುವ ಹಣವನ್ನು ಮಾತ್ರವಾದರೂ ಧಾರಣೆಯ ಆಸೆಯಿಂದ ಹೊರಗಿಟ್ಟು ಆ ಮಟ್ಟಿಗೆ ಅಡಿಕೆಯನ್ನು ಫೆಬ್ರವರಿಯಲ್ಲೇ ಮಾರುವುದೆಂಬ ತೀರ್ಮಾನಕ್ಕೆ ಬರಲು ನಮಗೆ ಹಲವು ಸಂಜೆಗಳ ವಾದ ಬೇಕಾಯಿತು. ಮನೆಯ ಯೋಜನೆಗಳ ಬಗ್ಗೆ ಮಾತನಾಡುವವರು ಸಮಯದ ಬಗ್ಗೆ ಇಷ್ಟೊಂದು ಹೇಳಿ ಹಣ ಕೈಗೆ ಬರುವ ತಿಂಗಳಿನ ಬಗ್ಗೆ ಏನನ್ನೂ ಹೇಳದಿರುವುದು ನನಗೆ ಆಶ್ಚರ್ಯದ ಸಂಗತಿ. ಬಹುಶಃ ಅವರೆಲ್ಲರಿಗೂ ತಿಂಗಳ ಸಂಬಳವಿರಬೇಕು.

ಮಳೆ ನಕ್ಷತ್ರಗಳ ಲೆಕ್ಕ ನಮಗೆ ಒದಗಿಬಂದದ್ದು ಇಲ್ಲಿಯೇ. ಹಿರಿಯರು ವರ್ಷವನ್ನು ಇಪ್ಪತ್ತೇಳು ನಕ್ಷತ್ರಗಳಿಗೆ ಹಂಚಿದ್ದರಿಂದ ಒಂದೊಂದಕ್ಕೆ ಹದಿಮೂರು ಅಥವಾ ಹದಿನಾಲ್ಕು ದಿನಗಳು ಬರುತ್ತವೆ. ಮೇ ಎರಡನೆಯ ವಾರದಿಂದ ಕೃತ್ತಿಕೆ, ತಿಂಗಳ ಕೊನೆಗೆ ರೋಹಿಣಿ, ಜೂನ್ ಎರಡನೆಯ ವಾರಕ್ಕೆ ಮೃಗಶಿರ, ಅದರ ನಂತರ ಆರಿದ್ರ. ಒಂದು ತಿಂಗಳು ಎಂಬ ಅವಧಿ ಕೆಲಸವನ್ನು ಮುಂದೂಡಲು ಹೇಳಿ ಮಾಡಿಸಿದಷ್ಟು ದೊಡ್ಡದು, ಒಂದು ವಾರ ಏನನ್ನೂ ಮುಗಿಸಲಾಗದಷ್ಟು ಚಿಕ್ಕದು; ಇವೆರಡರ ನಡುವಿನ ಈ ಅವಧಿ ಮನೆಯ ಕೆಲಸಕ್ಕೆ ಸರಿಯಾಗಿ ಹೊಂದುತ್ತದೆ. ಕೃತ್ತಿಕೆಗೆ ಹಿಂದಿನ ಭರಣಿಯೊಳಗೆ ಮಾಡು ಮುಚ್ಚಬೇಕು, ಕೃತ್ತಿಕೆಯೊಳಗೆ ಸೌದೆ ಒಳಸೇರಬೇಕು, ರೋಹಿಣಿಯಲ್ಲಿ ತೋಟಕ್ಕೆ ಮದ್ದು ಹೊಡೆಯುವ ಸಿದ್ಧತೆ ಎಂದು ಹೇಳಿದರೆ ಮನೆಯಲ್ಲಿ ಅತ್ತೆಯಿಂದ ಹಿಡಿದು ಕೆಲಸಕ್ಕೆ ಬರುವವರವರೆಗೆ ಎಲ್ಲರಿಗೂ ಗಡುವು ತಿಳಿಯುತ್ತದೆ. ಮೊಬೈಲಿನ ಕ್ಯಾಲೆಂಡರಿನಲ್ಲಿ ನಾನು ಹಾಕಿಕೊಂಡ ಬಣ್ಣದ ಗುರುತುಗಳು ನನಗೊಬ್ಬಳಿಗೆ ಮಾತ್ರ ಅರ್ಥವಾಗುತ್ತಿದ್ದವು.

ತೋಟಕ್ಕೆ ಮದ್ದು ಹೊಡೆಯುವ ದಿನಗಳನ್ನು ಮಾತ್ರ ಯಾವ ಗುರಿಗೂ ಯಾವ ಸಮಾರಂಭಕ್ಕೂ ಬಿಟ್ಟುಕೊಡುವಂತಿಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣದ ಬಳಕೆಗೆ ದಾರಿ ತೋರಿದ ಮೇಲೆ ಮಲೆನಾಡಿನ ಮನೆಗಳ ವರ್ಷಕ್ಕೆ ಈ ಕೆಲಸ ಕಾಯಂ ಆಗಿ ಸೇರಿಕೊಂಡಿತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ; ಮುಂಗಾರು ಹಿಡಿಯುವ ಮೊದಲು ಒಂದು ಸಲ, ಸುಮಾರು ನಲವತ್ತರಿಂದ ನಲವತ್ತೈದು ದಿನಗಳ ನಂತರ ಇನ್ನೊಂದು ಸಲ. ಮರ ಹತ್ತುವ ಕೊನೆಗಾರ ಬಂದ ದಿನವೇ ಮಳೆ ಬಿಟ್ಟು ಹೊಳವಾಗಬೇಕು, ಮಳೆ ಹೊಳವಾದ ದಿನವೇ ಅವನು ಬಿಡುವಾಗಿರಬೇಕು. ಈ ಎರಡು ಸಿಂಪಡಣೆಗಳ ನಡುವಿನ ಕಾಲವೇ ನನ್ನ ಓದಿನ ಸುಗ್ಗಿ. ಹೊರಗಿನ ಕೆಲಸ ಬಹುಪಾಲು ನಿಂತಿರುತ್ತದೆ, ನೆಂಟರು ಬರುವುದಿಲ್ಲ, ಸಮಾರಂಭಗಳಿಲ್ಲ. ಕರೆಂಟು ದಿನಗಟ್ಟಲೆ ಇರುವುದಿಲ್ಲವಾದ್ದರಿಂದ ಹಗಲಿನಲ್ಲಿ ಜಗಲಿಯ ಬೆಳಕಿಗೆ ಓದುತ್ತೇನೆ. ನೆಟ್‌ವರ್ಕ್ ಕೈಕೊಡುವುದು ಖಚಿತವೆಂದು ಗೊತ್ತಿರುವುದರಿಂದ ಬೇಕಾದ ಪಾಠಗಳನ್ನೂ ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಮೇ ತಿಂಗಳಿನಲ್ಲೇ ಇಳಿಸಿಟ್ಟುಕೊಂಡಿರುತ್ತೇನೆ.

ಕುಳಿತು ಮಾಡಬೇಕಾದ ಓದು, ಕೈ ಬೇರೆ ಕೆಲಸದಲ್ಲಿರುವಾಗಲೂ ಮಾಡಬಹುದಾದ ಓದು ಎಂದು ಓದನ್ನು ಎರಡಾಗಿ ಬೇರ್ಪಡಿಸಿಕೊಂಡದ್ದರಿಂದ ನನಗೆ ತುಂಬ ಪ್ರಯೋಜನವಾಗಿದೆ. ಕಾವ್ಯಮೀಮಾಂಸೆಯ ಪ್ರಬಂಧವನ್ನು ಒಲೆಯ ಮುಂದೆ ನಿಂತು ಬರೆಯಲಾಗುವುದಿಲ್ಲ. ಅದಕ್ಕೆ ಮಳೆಗಾಲದ ಮಧ್ಯಾಹ್ನಗಳೇ ಬೇಕು. ಆದರೆ ಹಳಗನ್ನಡ ವ್ಯಾಕರಣದ ಸೂತ್ರಗಳು ಕಂದಪದ್ಯದಲ್ಲಿವೆ. ಹನ್ನೆರಡು ಮಾತ್ರೆಯ ಸಾಲಿನ ಹಿಂದೆ ಇಪ್ಪತ್ತು ಮಾತ್ರೆಯ ಸಾಲು, ಅದೇ ಜೋಡಿ ಮತ್ತೊಮ್ಮೆ, ನಾಲ್ಕೂ ಸಾಲುಗಳಿಗೆ ಆದಿಪ್ರಾಸ; ಬಾಯಿಪಾಠಕ್ಕೆಂದೇ ಕಟ್ಟಿದ ರಚನೆ ಅದು. ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವಾಗ ನಾನು ಇವನ್ನು ಗುನುಗಿಕೊಳ್ಳುತ್ತೇನೆ. ಸುಲಿಯುವ ಯಂತ್ರಗಳು ಬಂದ ಮೇಲೂ ನಮ್ಮಲ್ಲಿ ಸ್ವಲ್ಪ ಭಾಗವನ್ನು ಕೈಯಲ್ಲೇ ಸುಲಿಯುತ್ತೇವೆ. ಅಕ್ಕಪಕ್ಕದ ಮನೆಯ ಹೆಂಗಸರೂ ಬಂದು ಕುಳಿತಿರುತ್ತಾರೆ, ಊರಿನ ಸುದ್ದಿಯೆಲ್ಲ ಅಲ್ಲಿ ಬಂದು ಹೋಗುತ್ತದೆ. ನನ್ನ ಗುನುಗು ಅವರಿಗೆ ಮೊದಲು ತಮಾಷೆಯಾಗಿತ್ತು. ಈಗ ನಾನು ಸಾಲು ಮರೆತು ನಿಂತರೆ ಎದುರು ಕುಳಿತವರೇ ಮುಂದಿನ ಸಾಲನ್ನು ಎತ್ತಿಕೊಡುವುದುಂಟು.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಅಡಿಕೆ ಕಾಯುವುದಿಲ್ಲ, ಮಳೆ ಕಾಯುವುದಿಲ್ಲ, ಜ್ವರ ಬಂದ ಮಗು ಕಾಯುವುದಿಲ್ಲ. ಸ್ವಂತದ ಗುರಿಯಾದರೋ ಎಷ್ಟು ಕಾಲ ಬೇಕಾದರೂ ಕಾಯುತ್ತದೆ, ಆ ಕಾರಣದಿಂದಲೇ ಪ್ರತಿ ಸಲವೂ ಅದೇ ಹಿಂದಕ್ಕೆ ಸರಿಯುತ್ತದೆ. ಬಿಡುವಾದಾಗ ಓದಿಕೊಂಡರಾಯಿತು, ಪದವಿ ಯಾಕೆ, ಪರೀಕ್ಷೆ ಯಾಕೆ ಎಂದು ಪ್ರೀತಿಯಿಂದಲೇ ಕೇಳಿದವರಿದ್ದಾರೆ. ಪರೀಕ್ಷೆ ಬೇಕಾದದ್ದು ಪದವಿಯ ಆಸೆಗಿಂತ ಹೆಚ್ಚಾಗಿ ದಿನಾಂಕದ ಆಸೆಯಿಂದ. ಶುಲ್ಕ ಕಟ್ಟಿ, ಪ್ರವೇಶಪತ್ರ ಬಂದು, ಅದನ್ನು ಜಗಲಿಯ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದ ಮೇಲೆ ನನ್ನ ಓದಿಗೆ ಕೊನೆಕೊಯ್ಲಿಗಿರುವಂತಹ ಸ್ಥಾನ ಮನೆಯಲ್ಲಿ ಬಂತು. ಆ ವಾರ ಯಾರನ್ನಾದರೂ ಊಟಕ್ಕೆ ಕರೆಯುವ ಮಾತು ಬಂದಾಗ ಬೇಡವೆಂದವರು ಅತ್ತೆಯೇ.

ಪರೀಕ್ಷೆಯ ದಿನಗಳಲ್ಲಿ ಅಡುಗೆ ಮತ್ತು ಕೊಟ್ಟಿಗೆ ಎರಡನ್ನೂ ನಮ್ಮನೆಯವರು ನೋಡಿಕೊಂಡರು. ಇದನ್ನು ಹೊಗಳಿಕೆಗೆಂದು ಬರೆಯುತ್ತಿಲ್ಲ. ಸರಿದೂಗಿಸುವುದು ಎಂಬ ಮಾತನ್ನು ಹೆಂಗಸರ ಜಾಣ್ಮೆಯೆಂಬಂತೆ ಹೇಳುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಯಾವಳು ಏಳು ಕೈಗಳಿಂದ ಕೆಲಸ ಮಾಡಬಲ್ಲಳೋ ಅವಳೇ ಗಟ್ಟಿಗಿತ್ತಿ. ನನ್ನ ಮಟ್ಟಿಗೆ ಹೇಳುವುದಾದರೆ, ಕೆಲಸ ನನ್ನ ಕೈಯಿಂದ ಇನ್ನೊಬ್ಬರ ಕೈಗೆ ಹೋದಷ್ಟು ಮಾತ್ರ ನನಗೆ ಓದಲು ಸಿಕ್ಕಿದೆ, ಜಾಣ್ಮೆಯಿಂದ ಒಂದು ನಿಮಿಷವೂ ಹೆಚ್ಚಾಗಿ ಹುಟ್ಟಿಲ್ಲ. ಸಾರಿಗೆ ಹುಳಿ ಹೆಚ್ಚಾಯಿತೆಂದು ಮಗಳು ಗೊಣಗಿದಳು. ಗೊಣಗಲಿ, ಅದೂ ಸಂಸಾರದ ಒಂದು ಭಾಗ.

ಸಂಸಾರಕ್ಕೆ ಮಾತ್ರ ಯಾವ ನಕ್ಷತ್ರದ ಲೆಕ್ಕವೂ ಹೊಂದುವುದಿಲ್ಲ. ಹಬ್ಬಗಳು ಗೊತ್ತಿರುವ ದಿನಗಳಲ್ಲಿ ಬರುತ್ತವೆ. ದೀಪಾವಳಿ ನಮ್ಮಲ್ಲಿ ದೊಡ್ಡ ಹಬ್ಬ, ಗೋಪೂಜೆಯ ದಿನ ಪುಸ್ತಕ ಮುಟ್ಟುವ ಯೋಚನೆಯನ್ನೇ ಮಾಡುವುದಿಲ್ಲ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, ಶಿರಸಿಯದು ಎರಡು ವರ್ಷಕ್ಕೊಮ್ಮೆ ಬರುವುದರಿಂದ ಆ ವರ್ಷಗಳಲ್ಲಿ ಮನೆ ತುಂಬ ನೆಂಟರಿರುತ್ತಾರೆ, ಮಾಡು ಬಿಚ್ಚುವಂತಿಲ್ಲವೆಂದು ಮೊದಲೇ ತಿಳಿಯಬಹುದು. ಆದರೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಶಿವಮೊಗ್ಗದ ಆಸ್ಪತ್ರೆಯಲ್ಲಿ ಇರಬೇಕಾಗಿ ಬಂದದ್ದು ಯಾವ ಪಂಚಾಂಗದಲ್ಲೂ ಇರಲಿಲ್ಲ. ಆ ಅವಧಿಯ ಒಂದು ಪತ್ರಿಕೆಯನ್ನು ನಾನು ಬರೆಯಲಿಲ್ಲ, ಮುಂದಿನ ಸಲ ಬರೆದೆ. ಒಂದು ವರ್ಷಕ್ಕೆ ಒಂದೇ ದೊಡ್ಡ ಕೆಲಸ, ಮಾಡು ಬಿಚ್ಚಿದ ತಿಂಗಳಿನಲ್ಲಿ ಪರೀಕ್ಷೆಯಿಲ್ಲ ಎಂಬ ಕಟ್ಟುಪಾಡನ್ನು ನಾವು ಮಾಡಿಕೊಂಡಿರುವುದು ಇಂತಹ ದಿನಗಳಿಗಾಗಿಯೇ. ತುಂಬಿಸಿಟ್ಟ ವರ್ಷದಲ್ಲಿ ಆಸ್ಪತ್ರೆಗೆ ಹೋಗಲೂ ಜಾಗವಿರುವುದಿಲ್ಲ. ಬಚ್ಚಲಿಗೆ ಹಿಡಿಕೆ ಹಾಕಿಸಿದ್ದು, ಜಾರುವ ಕಲ್ಲನ್ನು ಬದಲಾಯಿಸಿದ್ದು ಆ ವರ್ಷದ ಯೋಜನೆಯಲ್ಲಿ ಇರಲಿಲ್ಲ. ಅದು ಆಯಿತು, ಯೋಜನೆಯಲ್ಲಿದ್ದ ಅಂಗಳದ ಕಟ್ಟೆ ಹಾಗೆಯೇ ನಿಂತಿತು. ಅದಕ್ಕೆ ಈಗ ಬೆಕ್ಕು ಒಡೆಯನಾಗಿದೆ.

ಅಡುಗೆಮನೆಯ ಮಾಡು ಮುಗಿದಿದೆ. ಮೆತ್ತಿನ, ಅಂದರೆ ಮಹಡಿಯ, ಮೇಲೆ ನನಗೆ ಓದಲೆಂದು ಒಂದು ಕಿಟಕಿ ಒಡೆಸಿ, ಮೇಜಿನಷ್ಟು ಅಗಲದ ಹಲಗೆ ಹಾಕಿಸುವ ಕೆಲಸ ಉಳಿದಿದೆ. ಅದನ್ನು ಬರುವ ಮಾರ್ಚ್ ತಿಂಗಳಿನಲ್ಲಿ ಮಾಡಿಸುವುದೆಂದು ಮಾತಾಗಿತ್ತು. ಆದರೆ ಆಗ ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ, ಅವಳು ಓದುವುದೂ ಮೆತ್ತಿನ ಮೇಲೆಯೇ. ಆದ್ದರಿಂದ ಈ ಮಾರ್ಚ್ ಬೇಡ, ಅದರ ಮುಂದಿನ ಮಾರ್ಚ್ ಆಗಲಿ ಎಂದು ನಮ್ಮನೆಯವರು ಆಚಾರರಿಗೆ ತಿಳಿಸಿದರು. ಅವರು ಸಂತೋಷದಿಂದಲೇ ಒಪ್ಪಿದರಂತೆ. ಅವರ ಮಗಳೂ ಇದೇ ವರ್ಷ ಪರೀಕ್ಷೆಗೆ ಕೂರುತ್ತಿದ್ದಾಳಂತೆ, ಮನೆಯಲ್ಲಿ ಉಳಿ ಸುತ್ತಿಗೆಯ ಸದ್ದೇ ಬೇಡವೆಂದು ಆಗಲೇ ಹೇಳಿದ್ದಾಳಂತೆ.